ಲಕ್ವಾ ಹೊಡದ ಬಾಯಿಗೆ ಮಾತು ವಾಪಸ್ ಬಂದದ್ದು: ಒಂದು ಸ್ಟಾಪಿಗೆ ಒಬ್ಬ ದೋಸ್ತ (ನನ್ನ ಅನುಭವ)

ಇದನ್ನ ನಾ ಬಾಯಿಲೆ ಹೇಳೇನಿ, ಮೊಮ್ಮಗಳು ಟೈಪ್ ಮಾಡ್ಯಾಳ. ಐದು ದಿನ ಹಿಡೀತು. ನಾಕು ವರ್ಷದ ಹಿಂದ ನನ್ನ ಬಾಯಿಂದ ಬರ್ತಿದ್ದದ್ದು ಒಂದ ಶಬ್ದ, "ಹಾಂ". ನೀರು ಬೇಕಂದ್ರೂ ಹಾಂ, ಬ್ಯಾಡಂದ್ರೂ ಹಾಂ. ಐದು ದಿನ ನನಗ ಭಾಳ ಅನಸಲಿಲ್ಲ.

ಲಕ್ವಾ ಹೊಡದವರು, ಅವರ ಮನಿ ಮಂದಿ ಓದ್ತಾರಂತ ತಿಳ್ಕೊಂಡು ಹೇಳಾಕತ್ತೇನಿ, ಹಂಗಾಗಿ ಬಿಪಿ ಗುಳಿಗಿ, ರಕ್ತ ತೆಳು ಮಾಡೋ ಗುಳಿಗಿ, ಫಿಸಿಯೋ, ಚೆಂಡು ಹಿಸಕೂದು, ಕನ್ನಡಿ ಮುಂದ ಕುಂತು ಬಾಯಿ ತಿರವೂದು ಇವೆಲ್ಲಾ ನಿಮಗ ಗೊತ್ತಿರೂವ. ಅವನ್ನ ಬಿಡಬ್ಯಾಡ್ರಿ, ನಾನೂ ಬಿಟ್ಟಿಲ್ಲ. ನಾ ಹೇಳೂದು ಅದರ ಮ್ಯಾಲಿಂದು, ಬಸ್ ಸ್ಟಾಪಿನ ಹೆಸರು ಹಿಡದು, ಹಳೇ ದೋಸ್ತರನ್ನ ಒಬ್ಬೊಬ್ಬರನ್ನಾಗಿ ಕಂಡು ಮಾತು ವಾಪಸ್ ತಂದ್ಕೊಂಡದ್ದು.

ನಾ ಹುಬ್ಬಳ್ಳಿಯಾಂವ. 35 ವರ್ಷ ಬಸ್ ಕಂಡಕ್ಟರ್. ಬಹುಪಾಲು ಗದಗ ಲೈನು, ನಡುವ ಆರೇಳು ವರ್ಷ ಹಾವೇರಿ ಲೈನು, ಕಡೀಕೆ ಧಾರವಾಡ. 2018ರಾಗ ರಿಟೈರ್ ಆದ್ನಿ. 2021 ನವೆಂಬರ್‌ದಾಗ ಒಂದಿನ ಮುಂಜಾನೆ ಎದ್ದು ಚಂಬೂ ಹಿಡಿಯಾಕ ಹೋದ್ರ ಬಲಗೈ ಹಿಡೀಲೇ ಇಲ್ಲ, ಹೆಣ್ತೀನ ಕರಿಯಾಕ ಹೋದ್ರ ಧ್ವನಿ ಬಂತು, ಶಬ್ದ ಬರಲಿಲ್ಲ. ನಾಕೂವರಿ ತಾಸಿನೊಳಗ ಹೋದ್ರ ರಕ್ತದ ಗಡ್ಡಿ ಕರಗಸೋ ಇಂಜೆಕ್ಷನ್ ಕೊಡ್ತಾರ, ಆದ್ರ ನನಗ ನಿದ್ದಿಯೊಳಗ ಹೊಡದಿತ್ತು, ಯಾವಾಗ ಹೊಡೀತು ಅಂತ ಯಾರಿಗೂ ಹೇಳಾಕ ಬರಲಿಲ್ಲ, ಕೊಡಲಿಲ್ಲ. ಒಂಬತ್ತೋ ಹತ್ತೋ ದಿನ ದವಾಖಾನಿ, 1 ಲಕ್ಷ 80 ಸಾವಿರದ ಆಸುಪಾಸು ಬಿಲ್ಲು, ಮಗಳ ಬಂಗಾರ ಬ್ಯಾಂಕಿನಾಗ ಇಟ್ಟು ಕಟ್ಟಿದ್ವಿ. ಎಡ ಮೆದುಳಿಗೆ ಹೊಡದಿತ್ತು, ಅದಕ್ಕ ಬಲಗೈ ಬಲಗಾಲು ಮತ್ತ ಮಾತು ಮೂರೂ ಕೂಡೇ ಹೋದ್ವು. ಕಾಲು ನಾಕು ತಿಂಗಳಿಗೆ ಕೋಲು ಹಿಡದು ನಡಿಯೂಹಂಗ ಆತು. ಮಾತು ಬರಲಿಲ್ಲ.

ಇದು ಇಲ್ಲದವರಿಗೆ ತಿಳಿಯೂದಿಲ್ಲ. ತಲ್ಯಾಗ ಎಲ್ಲಾ ಇರ್ತೈತಿ. ಎದುರಿಗಿನ ಮನಿಷ್ಯಾ ಯಾರು, ಅವನ ಅಪ್ಪ ಯಾರು, 1991ರಾಗ ಅವಂಗ ಎಷ್ಟು ಚಿಲ್ಲರ ಕೊಡೂದಿತ್ತು ಎಲ್ಲಾ ಗೊತ್ತೈತಿ, ಹೆಸರು ನಾಲಿಗಿ ತನಕ ಬಂದು ತಿರುಗಿ ಹೊಕ್ಕೈತಿ. ಮಂದಿ ತಿಳಕೊಳ್ಳೂದು ಬುದ್ಧಿ ಹೋಗೇತಿ ಅಂತ. ನನ್ನ ಮುಂದ ನನ್ನ ಬಗ್ಗೆನ ಮಾತಾಡ್ತಿದ್ರು.

ಮೊದಲ ಹಾಳಾಗಿದ್ದು ಹೇಳ್ತೇನಿ. ಅಳಿಯಾ ಒಂದು ಊರಿನ ನಾಟಿ ಔಷಧಿ ಅಂತ ಕರಕೊಂಡು ಹೋದ, ಆ ಊರು ಯಾವುದಂತ ಇಲ್ಲಿ ಬ್ಯಾಡ. ಅಮಾಸಿಗೊಮ್ಮೆ ಹೋಗಬೇಕು, ಕಾರು ಬಾಡಗಿ ಮೂರು ಸಾವಿರದ ಮ್ಯಾಲ, ಎಣ್ಣಿ ಬ್ಯಾರೆ, ಪಥ್ಯ ಬ್ಯಾರೆ, ಇಂಗ್ಲಿಷ್ ಗುಳಿಗಿ ನಿಲ್ಲಸ್ರಿ ಅಂದ್ರು, ನಿಲ್ಲಸಿದ್ವಿ. ಮೂರು ವಾರಕ್ಕ ಬಿಪಿ 190ಕ್ಕ ಹೋತು, ರಾತ್ರೋರಾತ್ರಿ ಮತ್ತ ದವಾಖಾನಿ. ಎಲ್ಲಾ ಕೂಡಿ 26-27 ಸಾವಿರ ಹೋತು, ಎರಡನೇ ಸಲ ಹೊಡೀದ ಇದ್ದದ್ದು ನನ್ನ ಪುಣ್ಯಾ. ಗುಳಿಗಿ ನಿಲ್ಲಸಬ್ಯಾಡ್ರಿ, ಕೈ ಮುಗದು ಹೇಳ್ತೇನಿ.

ಆಮ್ಯಾಲ ಮಾತು ಕಲಸೋ ಥೆರಪಿಸ್ಟ್ ಹುಡುಗಿ. ಸಲಕ್ಕ 400 ರೂಪಾಯಿ, ಮೂವತ್ತು ಸಲ ಹೋಗಿರಬೇಕು. ಆ ಹುಡುಗಿ ಭಾಳ ಚಲೋ, ತಾಳ್ಮಿ ಅಂದ್ರ ತಾಳ್ಮಿ. ಚಿತ್ರ ತೋರಸ್ತಿದ್ಲು, ಛತ್ರಿ, ಕೀಲಿಕೈ, ಬಾಳಿಹಣ್ಣು, ಇದೇನು ಇದೇನು ಅಂತ. 20 ಚಿತ್ರದಾಗ ನಾಕು ಹೇಳ್ತಿದ್ನಿ. ಛತ್ರಿ ಅಂದ್ರೂ ಅನ್ನಲಿಕ್ಕಂದ್ರೂ ಅಕಿಗೂ ನನಗೂ ಏನೂ ಆಗಬೇಕಾಗಿದ್ದಿಲ್ಲ, ಅದ ನನಗ ಅಡ್ಡ ಬರ್ತಿತ್ತು ಅಂತ ಈಗ ಅನಸ್ತೈತಿ. ಅದೇ ಹೊತ್ತಿಗೆ ಒಬ್ಬ ದೊಡ್ಡ ಡಾಕ್ಟರು, "ಆರು ತಿಂಗಳಾತು, ಬರೂದೆಲ್ಲಾ ಬಂದೈತಿ, ಇನ್ನ ಹೊಂದ್ಕೊಳ್ರಿ" ಅಂದ್ರು. ಮಗಾ ಆ ಮಾತು ಹಿಡಕೊಂಡು ಕುಂತಬಿಟ್ಟ.

ಮಗಾ ಒಳ್ಳೇದಕ್ಕಂತ ಒಂದು ಮಾಡಿದ. ನನ್ನ 1974ರ ಎಸ್ಸೆಸ್ಸೆಲ್ಸಿ ಬ್ಯಾಚಿನ ವಾಟ್ಸಾಪ್ ಗ್ರೂಪಿಗೆ ನನ್ನ ಸೇರಿಸಿದ. 31 ಮಂದಿ. ದಿನಾ ಮುಂಜಾನೆ ಹೂವಿನ ಫೋಟೋ, ದೇವರ ಫೋಟೋ, ಸಕ್ಕರಿ ಕಾಯಿಲಿಗೆ ಬೆಂಡಿಕಾಯಿ ನೀರು. ನಾ ಒಂದು ವಾಯ್ಸ್ ಮೆಸೇಜ್ ಹಾಕಿದ್ನಿ, ಅರ್ಧಾ ತಾಸು ತಯಾರಾಗಿ ಹಾಕಿದ್ದು, "ನಾ... ನಾ... ಹಾಂ" ಅಷ್ಟ ಬಂದಿತ್ತು. ಯಾರೂ ಏನೂ ಬರೀಲಿಲ್ಲ. ಮ್ಯಾಲಿಂದ ಒಬ್ಬರು ಹೂವಿನ ಫೋಟೋ ಹಾಕಿದ್ರು, ನನ್ನ ಮೆಸೇಜ್ ಮ್ಯಾಲಕ್ಕ ಸರದು ಹೋತು. ಫೋನ್ ಮಾಡಿ ನೋಡಿದ್ನಿ. ಹನ್ನೊಂದು ಮಂದಿಗೆ ಮಾಡಿರಬೇಕು, ನಾಕು ಮಂದಿ ನಾ ಉಸಿರು ಎಳಿಯೂದರಾಗ ಕಟ್ ಮಾಡಿದ್ರು. ಹಾವೇರಿಯಾಂವ ಒಬ್ಬ, ನನ್ನ ಮಗ್ಗಲಕ್ಕ ಮೂರು ವರ್ಷ ಕುಂತಾಂವ, "ಯಾವನೋ ನೀ, ಓಟಿಪಿ ಕೇಳಾಂವ ಏನು?" ಅಂತ ಬೈದು ಇಟ್ಟ. ಅವಂದು ತಪ್ಪಿಲ್ಲ, ಹೊಸಾ ನಂಬರಿಂದ ಬರೇ ಉಸಿರು ಕೇಳಿದ್ರ ಯಾರಿಗರೆ ಏನು ಗೊತ್ತಾಕ್ಕೈತಿ. ಆದ್ರ ಆ ರಾತ್ರಿ ನಾ ಉಣ್ಣಲಿಲ್ಲ.

ಮತ್ತ ಒಂದು ದೊಡ್ಡ ತಪ್ಪು, ಎಲ್ಲಾರೂ ಇದನ್ನ ಮಾಡ್ತಾರ, ಅದಕ್ಕ ಉದ್ದಕ ಹೇಳ್ತೇನಿ. ಬ್ಯಾಚಿನ ಮಂದಿ ಒಂದು ಹೋಟೆಲಿನ ಹಾಲ್ ಹಿಡದು ಗೆಟ್-ಟುಗೆದರ್ ಮಾಡಿದ್ರು, ನನ್ನ ಸಲುವಾಗಿನ ಅಂತ ಮಗಾ ಖುಷಿಲೆ ನಮ್ಮ ಕಡಿಂದ 14 ಸಾವಿರ ಕೊಟ್ಟ. ನಲವತ್ತು ಮಂದಿ, ಮೈಕು, ಹಾಡು, ಶಾಲು. ಎಲ್ಲಾರೂ ಬಂದು ಹೆಗಲ ಮ್ಯಾಲ ಕೈ ಇಟ್ಟು "ಆರಾಮದೀ?" ಅಂದು ನಾ ಬಾಯಿ ತಗಿಯೂದರಾಗ ಮುಂದಿನವರ ಕಡೆ ಹೋಗ್ತಿದ್ರು. ಒಂದ ಶಬ್ದ ಬರಲಿಲ್ಲ, ಹಾಂ ಸೈತ ಬರಲಿಲ್ಲ. ಲಕ್ವಾದ ಕಿವಿಗೆ ಗದ್ದಲಾ ಅಂದ್ರ ಕಣ್ಣಿಗೆ ಖಾರಪುಡಿ ಇದ್ದಂಗ, ನಾಕು ಧ್ವನಿ ಕೂಡಿದ್ರ ಒಂದೂ ತಿಳಿಯೂದಿಲ್ಲ. ಮಾತು ಹೋದವರನ್ನ ದಯಮಾಡಿ ಹಾಲಿಗೆ ಕರಕೊಂಡು ಹೋಗಬ್ಯಾಡ್ರಿ.

2023 ಫೆಬ್ರವರಿ. ಗದಗದಾಗ ಬೀಗರ ಮದುವಿ, ನಾನೂ ಹೆಣ್ತೀನೂ ಬಸ್ಸಿನಾಗ ಹೊಂಟಿದ್ವಿ. ರಿಟೈರ್ ಆದ ಮ್ಯಾಲ ಆ ಲೈನಿನ ಬಸ್ ಹತ್ತಿದ್ದಿಲ್ಲ. ಕಂಡಕ್ಟರ್ ಹುಡುಗ ಹೊಸಬಾ, ಮುಂದಿನ ಸೀಟಿನ ಅಜ್ಜಿ ನಲವಡಿ ಬಂತೇನು ಅಂತ ಕೇಳಿದ್ರ ತಡವರಸಾಕತ್ತ. ನನ್ನ ಬಾಯಿ ತಾನ ತಗೀತು. "ಶಿರಗುಪ್ಪಿ ನಲವಡಿ ಭದ್ರಾಪುರ ಅಣ್ಣಿಗೇರಿ ಹುಲಕೋಟಿ ಬಿಂಕದಕಟ್ಟಿ ಗದಗ." ಒಂದ ಉಸಿರಿನಾಗ, ಒಂದು ಅಕ್ಷರ ತಪ್ಪದ, ಹಿಂದ ಹೆಂಗ ಬಾಗಲದಾಗ ನಿಂತು ಒದರತಿದ್ದೆನೋ ಹಂಗ. ಹೆಣ್ತಿ ನನ್ನ ಮುಂಗೈ ಎಷ್ಟು ಜೋರ ಹಿಡದ್ಲಂದ್ರ ಬಳಿ ಒತ್ತಿ ಗುರ್ತು ಬಿದ್ದಿತ್ತು. ನಾ ಮತ್ತ ಅಂದ್ನಿ, ಮತ್ತ ಬಂತು. ಭದ್ರಾಪುರ ದಾಟಿ ಅಣ್ಣಿಗೇರಿ ಬಂತು ನೋಡ್ರಿ, ಅಲ್ಲೆ ನನ್ನ ಡ್ರೈವರ್ ದೋಸ್ತಂದು ಮನಿ, ಹನ್ನೊಂದು ವರ್ಷ ಒಂದ ಗಾಡಿ ಓಡಿಸಿದವರು ನಾವು, ಅಣ್ಣಿಗೇರಿ ಅಂದ ಬಾಯಿಗೆ ಅದರ ಬೆನ್ನಿಗೆ ಅವನ ಹೆಸರು ಬಂದಬಿಡ್ತು. ಹದಿನೈದು ತಿಂಗಳಿಂದ ಒಬ್ಬ ಮನಿಷ್ಯಾರ ಹೆಸರು ಬಂದಿದ್ದಿಲ್ಲ ನನ್ನ ಬಾಯಾಗ. ಮದುವಿ ಬಿಟ್ಟು ಅಲ್ಲೇ ಇಳದ್ವಿ. ಬೀಗರು ಇನ್ನೂ ಸಿಟ್ಟಿನಾಗ ಅದಾರ, ಇರಲಿ.

ಅವಂದೂ ಆರೋಗ್ಯ ಸರಿ ಇದ್ದಿಲ್ಲ. ಸಕ್ಕರಿ, ಎಡಗಾಲಿನ ಎರಡು ಬೆಳ್ಳು ತಗದಿದ್ರು, ಹೊರಗಿನ ಕಟ್ಟಿ ಮ್ಯಾಲ ಒಬ್ಬಾಂವನ ಕುಂತಿದ್ದ. ನಾ ಹೆಸರು ಹಿಡದು ಕರದ್ನಿ. ಅಂವ ನನ್ನ ಬಾಯಿ ನೋಡಿದ, ಸೊಟ್ಟ ಆಗಿದ್ದು ಕಂಡಿತು, ಏನೂ ಕೇಳಲಿಲ್ಲ. ಮಗ್ಗಲದಾಗಿದ್ದ ಸ್ಟೀಲ್ ತಾಟಿಗೆ ಚಮಚಾಲೆ ಎರಡು ಸಲ ಹೊಡದ, ಟಣ್ ಟಣ್. ಡಬಲ್ ಬೆಲ್. ನನ್ನ ಬಾಯಿ "ರೈಟ್ ರೈಟ್, ಹೋಗ್ಲಿ" ಅಂತು. ಇಬ್ಬರೂ ಭಾಳೊತ್ತು ಅತ್ವಿ. ಆಮ್ಯಾಲ ಚುನಮರಿ ತಿಂದ್ವಿ.

ಅವತ್ತಿಂದ ಇದನ್ನ ಪದ್ಧತಿ ಮಾಡ್ಕೊಂಡ್ನಿ. ಒಂದು ನೋಟಬುಕ್ಕಿನಾಗ ಹೆಣ್ತಿ ಕಡಿಂದ ಲೈನ್ ಪ್ರಕಾರ ಸ್ಟಾಪ್ ಬರಸಿದ್ನಿ, ಎದುರಿಗೆ ಆ ಸ್ಟಾಪಿನಾಗ ಯಾವ ದೋಸ್ತ ಇದ್ದ ಅಂತ. ಡಿಪೋದವರು, ಸಾಲಿ ಗೆಳ್ಯಾರು, ದಿನಾ ಬರೋ ಪ್ಯಾಸೆಂಜರ್ ಮಾಸ್ತರು, ಎಲ್ಲಾ ಕೂಡಿ 27 ಮಂದಿ. ಒಂದು ವಾರಕ್ಕ ಒಂದು ಸ್ಟಾಪು, ಒಬ್ಬ ಮನಿಷ್ಯಾ. ಎರಡು ಮಾಡಾಕ ಹೋಗಿ ಎರಡೂ ಕೆಟ್ಟಾವ.

ಸ್ಟಾಪಿನ ಹೆಸರು ಬಾಯಿಗೆ ಹೆಂಗ ತರೂದು ಅಂದ್ರ, ಮೊದಲ ಅಣ್ಣಿಗೇರಿ ಅನ್ನಬೇಕಂದ್ರ ನನಗ ಹುಬ್ಬಳ್ಳಿಂದನ ಹೊಂಡಬೇಕಿತ್ತು. ನಡುವಿಂದ ಎತ್ತಾಕ ಬರ್ತಿದ್ದಿಲ್ಲ. ಬಸ್ಸಿನಾಗ ಟಿಕೆಟ್ ಹುಡುಗ ಮಷೀನ್ ಹಿಡದು ನಿಂತಿರ್ತಿದ್ದ, ನಾ ಸಣ್ಣಗ ಹುಬ್ಬಳ್ಳಿ ಶಿರಗುಪ್ಪಿ ನಲವಡಿ ಅಂತ ಎಣಿಸಿಕೊಂತ ಬಂದು ಅಣ್ಣಿಗೇರಿ ಮುಟ್ಟಿದಾಗ ಜೋರ "ಎರಡು!" ಅಂತಿದ್ನಿ. ಎರಡು ವಾರ ಹಂಗ ಮಾಡಿದ ಮ್ಯಾಲ ಹುಬ್ಬಳ್ಳಿ ಬಿಟ್ಟು ಶಿರಗುಪ್ಪಿಂದ, ಆಮ್ಯಾಲ ನಲವಡಿಂದ, ಆಮ್ಯಾಲ ಭದ್ರಾಪುರದಿಂದ. ಹಿಂಗ ಲೈನನ್ನ ಮುಂದಿನ ಕಡಿಂದ ಕತ್ತರಿಸಿಕೊಂತ ಬರೂದು. ಎರಡೂವರಿ ತಿಂಗಳಿಗೆ ಬರೇ "ಅಣ್ಣಿಗೇರಿ ಎರಡು" ಅಂತ ನೇರ ಬಂತು. ಅದಾದ ಮ್ಯಾಲ ಸ್ಟಾಪಿಗೆ ಹೆಸರು ಜೋಡಸೂದು, ಸ್ಟಾಪು-ಹೆಸರು ಒಂದ ಉಸಿರಿನಾಗ, ಎಡಗೈಲೆ ತೊಡಿ ಮ್ಯಾಲ ತಾಳ ಹಾಕ್ಕೊಂತ. ತಾಳ ಎಡಗೈಲೇ ಹಾಕಬೇಕು. ಟಿಕೆಟ್ ನಾನ ಕೇಳಬೇಕು, ಹೆಣ್ತಿ ಬಾಯಿ ತಗಿಬಾರದು, ಕಿಡಕಿ ಕಡೆ ಮಾರಿ ಮಾಡಿ ಕುಂಡರ್ತಾಳ. ಟಿಕೆಟ್ ಕೊಳ್ಳೂದು ಅಂದ್ರ ನನಗ ರೊಕ್ಕಾ ಕೊಟ್ಟು ತಗೊಳ್ಳೋ ಪಾಠ.

ಹೆಸರು ಸಿಗಲಾರದಾಗ ಬಾಯಿ ಪೂರಾ ಕಟ್ಟಿ ಹೋಗ್ತೈತೆಲ್ಲಾ, ಆಗ ಬಿಡಸ್ಕೊಳ್ಳೂದು ಒಂದು ಯುಕ್ತಿ ಐತಿ, ಅದನ್ನ ಇಲ್ಲೆ ಹೇಳೂದಿಲ್ಲ. ಬರದ್ರ ಮಂದಿ ತಪ್ಪು ಮಾಡ್ತಾರ, ಎದುರಿಗೆ ಕುಂತು ಕಲಸಬೇಕು. ಇಲ್ಲೀತನಕ ಮೂರು ಮಂದಿಗೆ ಕಲಿಸೇನಿ, ಇಬ್ಬರಿಗೆ ಹತ್ತೈತಿ.

ಹೋಗೂಕಿಂತ ಮೊದಲ ಆ ಮನಿಗೆ ಹೆಣ್ತಿ ಫೋನ್ ಮಾಡಿ ಹೇಳ್ತಾಳ: ಟಿವಿ ಬಂದ್ ಮಾಡ್ರಿ, ಮೊದಲ ಅರ್ಧಾ ತಾಸು ದೋಸ್ತ ಒಬ್ಬಾಂವ ಕುಂಡರ್ಲಿ, ಇವರ ಮಾತು ನೀವು ಮುಗಸಬ್ಯಾಡ್ರಿ. ಕಡೀದ್ದು ಭಾಳ ಕಷ್ಟ, ಪ್ರೀತಿ ಇದ್ದವರನ ತಡಕೊಳ್ಳೂದಿಲ್ಲ. ನಾ "ಸಾ... ಸಾ..." ಅಂದ್ರ "ಸಾಲಿ? ಸಾಲಾ? ಸಾರು?" ಅಂತ ಹರಾಜು ಕೂಗಿದಂಗ ಕೂಗ್ತಾರ.

ನಾ ಹೋಗೂದು ಗುರುವಾರ, ಯಾಕಂದ್ರ ಶಿಗ್ಗಾಂವಿ ಗೆಳ್ಯಾಗ ಸೋಮವಾರ, ಬುಧವಾರ, ಶುಕ್ರವಾರ ಡಯಾಲಿಸಿಸ್. ಅವನ ಸಲುವಾಗಿ ಗುರುವಾರ ಹಿಡದದ್ದು, ಅದ ರೂಢಿ ಆತು. ಅಂವಗ ನೀರು ಅಳದು ಕುಡಿಯೂದು, ನನಗ ಮಾತು ಅಳದು ಬರೂದು. ಒಂದು ಕಪ್ಪು ಚಾ ಇಬ್ಬರೂ ಅರ್ಧಾ ಅರ್ಧಾ ಮಾಡ್ಕೊಂಡು ಮುಕ್ಕಾಲು ತಾಸು ಕುಡೀತೇವಿ. ಅವನ ಮಗಳು ಹೇಳಿದ್ಲು, ಗುರುವಾರ ಒಂದಿನ ಅಪ್ಪಾ ದಾಡಿ ಮಾಡ್ಕೋತಾನ ಅಂತ.

ಇನ್ನೊಬ್ಬ ದೋಸ್ತನ ಕಾಣಾಕ ಬಂಕಾಪುರದಾಗ ಇಳದಾಗ ತಡಾ ಆಗಿತ್ತು. ಫೋನ್ ಹತ್ತಿದ್ದಿಲ್ಲ, ಹಂಗ ಹೋದ್ವಿ. ಪಡಸಾಲ್ಯಾಗ ಫೋಟೋಕ್ಕ ಹಾರ ಹಾಕಿತ್ತು, ಹೋಗಿ ಎಂಟು ತಿಂಗಳಾಗಿತ್ತು, ಹಾರ್ಟ್. ಅವನ ಹೆಣ್ತಿ ಒಳಗ ಹೋಗಿ ಟ್ರಂಕಿನಿಂದ ಟಿಕೆಟ್ ಪಂಚ್ ಮಾಡೋ ಇಕ್ಕಳ ತಂದು ಕೈಯಾಗ ಇಟ್ಲು, ಮಷೀನ್ ಬರೂಕಿಂತ ಮೊದಲಿಂದು, ನಾವಿಬ್ಬರೂ ಒಂದಿನ ಅದಲಾಬದಲಿ ಮಾಡ್ಕೊಂಡಿದ್ವಿ, ಅದು ನಂದು. ಹಿಡಿಕಿ ಮ್ಯಾಲ ನಾ ಮೊಳಿಲೆ ಕೆತ್ತಿದ ಗೀರು ಹಂಗ ಇತ್ತು. ಬಸ್ಸಿನಾಗ ಇಡೀ ದಾರಿ ಅವನ ಹೆಸರು ತಯಾರು ಮಾಡ್ಕೊಂಡು ಬಂದಿದ್ನಿ. ಫೋಟೋದ ಮುಂದ ನಿಂತು ಹೇಳಿದ್ನಿ, ಪೂರಾ, ಅಡ್ಡಹೆಸರು ಕೂಡಿಸಿ. 27ರಾಗ ಐದು ಮಂದಿ ಹಿಂಗ ಹೋಗಿಬಿಟ್ಟಿದ್ರು. ಲಕ್ವಾ ಹೊಡಿಯೂಕಿಂತ ಮೊದಲ ಮೂರು ವರ್ಷ ನಾ ಆರಾಮ ಇದ್ನಿ, ಕಾಲಿದ್ವು, ಮಾತಿತ್ತು, ಮನ್ಯಾಗ ಕುಂತು ಟಿವಿ ನೋಡಿದ್ನಿ. ಅದು ನನಗ ಇನ್ನೂ ಚುಚ್ಚತೈತಿ.

ನಡುನಡುವ ಬ್ಯಾರೆ ಪ್ರಯೋಗಾನೂ ಮಾಡೇನಿ. 50 ಪೈಸಾದ ಪೋಸ್ಟ್ ಕಾರ್ಡ್ ನಲವತ್ತು ತಂದು ಎಡಗೈಲೆ ಎರಡೆರಡು ಸಾಲು ಬರದು ಹಾಕಿದ್ನಿ, ಬರೇ 20 ರೂಪಾಯಿ ಖರ್ಚು, ಆರು ಮಂದಿ ಉತ್ತರ ಬರದ್ರು, ಸವಣೂರಿನಾಂವ ಮೂರು ಪುಟ ಬರದಿದ್ದ. ಹುಬ್ಬಳ್ಳಿ-ಧಾರವಾಡ ನಡುವ ಓಡೋ ಚಿಗರಿ ಬಸ್ಸಿನಾಗ ಮುಂದಿನ ಸ್ಟೇಷನ್ ಯಾವುದಂತ ಧ್ವನಿ ಬರ್ತೈತೆಲ್ಲಾ, ಅದಕ್ಕಿಂತ ಮೊದಲ ನಾ ಹೇಳೂದು, ಉಣಕಲ್, ಭೈರಿದೇವರಕೊಪ್ಪ, ನವನಗರ, ರಾಯಾಪುರ, ಸತ್ತೂರು ಅಂತ. ಈಗ ಹತ್ತಕ್ಕ ಎಂಟು ಸಲ ನಾನ ಮುಂದ. ಹಂಗ ಧಾರವಾಡಕ್ಕ ಹೋಗಿ ನಾಕು ಮಂದಿ ಸಾಲಿ ಗೆಳ್ಯಾರ ಕೂಡ ಕೆಲಗೇರಿ ಕೆರಿ ಸುತ್ತೂದು, ಅದು ತಿಂಗಳಿಗೊಮ್ಮೆ ನಡದೈತಿ. ಸಿದ್ಧಾರೂಢ ಮಠದಾಗ ಓಂ ನಮಃ ಶಿವಾಯ ಎಲ್ಲಾರ ಕೂಡ ಅಂದ್ರ ಸ್ವಚ್ಛ ಬರ್ತೈತಿ, ಹಾಡು ಬರ್ತಾವ ಮಾತು ಬರೂದಿಲ್ಲ ಅನ್ನೋದು ನಮ್ಮಂಥವರಿಗೆಲ್ಲಾ ಗೊತ್ತಿದ್ದದ್ದ. ಬಲಗೈಗೆ ಚೌಕಾಬಾರಾ ಹಿಡದ್ನಿ, ಹುಣಸಿ ಬೀಜ ಒಡದು ನಾಕು ಹೋಳು ಮಾಡಿ ಆಡೂದು. ಚೆಂಡು ಹಿಸಕಿ ಬರಲಾರದ್ದು ಆ ಹೋಳು ಹೆಕ್ಕಿ ಬಂತು, ಆರು ತಿಂಗಳು ಹಿಡೀತು, ಈಗ ಚಂಬೂ ಹಿಡೀತೇನಿ, ಅಂಗಿ ಗುಂಡಿ ಇನ್ನೂ ಇಲ್ಲ.

ಹೆಣ್ತಿ ಹೆಸರು ಮಾತ್ರ ಬರ್ತಿದ್ದಿಲ್ಲ. ಯಾಕಂದ್ರ ನಮ್ಮ ಕಡೆ ಹೆಣ್ತೀನ ಹೆಸರು ಹಿಡದು ಕರಿಯೂದು ಎಲ್ಲೈತಿ, ಮೂವತ್ತೆಂಟು ವರ್ಷ "ಏ ಇಲ್ಲಿ ನೋಡು" ಅಂದದ್ದ ಆತು, ನಾಲಿಗಿಗೆ ರೂಢಿ ಇಲ್ಲ. ಮನಿ ಮಂದಿ ಹೆಸರೆಲ್ಲಾ ಬಂದ್ರೂ ಅಕಿದು ಬರಲಿಲ್ಲ, ಅಕಿ ಏನೂ ಅನ್ನಲಿಲ್ಲ ಆದ್ರ ನನಗ ಗೊತ್ತಾಕ್ಕಿತ್ತು. ಒಂದಿನ ಸಂಜೀಮುಂದ ಅಕಿನ ಹೇಳಿದ್ಲು, "ಮದುವಿಯಾಗ ಬಾಗಲಾ ತಡದಾಗ ಒಡಪು ಹಾಕಿದ್ರೆಲ್ಲಾ, ಅದನ್ನ ಹಾಕ್ರಿ." ಒಡಪು ಅಂದ್ರ ಪ್ರಾಸ ಕೂಡಿಸಿ ಅದರಾಗ ಹೆಣ್ತಿ ಹೆಸರು ಹೇಳೂದು. ನಗಿ ಬಂತು ನನಗ. ಎಡಗೈಲೆ ತಾಳ ಹಾಕಿ ಸುರು ಮಾಡಿದ್ನಿ, ಪ್ರಾಸ ಪ್ರಾಸ ಕೂಡಿ ಮೂರನೇ ಸಾಲಿನ ಕೊನಿಗೆ ಅಕಿ ಹೆಸರು ತಾನ ಬಂದು ಬಿತ್ತು, 1985ರಾಗ ಬಿದ್ದಂಗ. ಆ ಒಡಪು ಇಲ್ಲೆ ಹೇಳೂದಿಲ್ಲ, ಅದು ಅಕಿದು. ನಿಮ್ಮ ಮನ್ಯಾಗೂ ಒಂದಿರ್ತೈತಿ, ಹುಡುಕ್ರಿ. ಥೆರಪಿಸ್ಟ್ ಹುಡುಗಿಗೆ ಇದನ್ನ ಹೇಳಿದ್ರ ಅಕಿ ಬರಕೊಂಡ್ಲು.

ರೊಕ್ಕದ ಲೆಕ್ಕ ಹೇಳಬೇಕಂದ್ರ, ಗದಗ ತನಕ ಒಬ್ಬರಿಗೆ ಆಗ 70-80 ರೂಪಾಯಿ ಇತ್ತು, ಹಿರಿಯ ನಾಗರಿಕರಂತ ನನಗ ಕಾಲು ಭಾಗ ಕಡಿಮಿ, 2023ರ ಜೂನ್‌ದಾಗ ಶಕ್ತಿ ಯೋಜನೆ ಬಂದ ಮ್ಯಾಲ ಹೆಣ್ತೀದು ಪುಕ್ಕಟ. ಗದ್ದಲಾ ಜಾಸ್ತಿ ಆತು ಖರೇ, ಅದಕ್ಕ ಮುಂಜಾನೆ ಏಳರ ಗಾಡಿ ಹಿಡೀತೇವಿ. ಹೋದ ಮನಿಗೆ ಒಂದು ಡಜನ್ ಬಾಳಿಹಣ್ಣು, ಸಕ್ಕರಿ ಇದ್ದವರ ಮನಿಗೆ ಸವತಿಕಾಯಿ. ಎರಡು ವರ್ಷಕ್ಕ ಎಲ್ಲಾ ಕೂಡಿ 12 ಸಾವಿರ ದಾಟಿಲ್ಲ. ನಾಟಿ ಔಷಧಿಗೆ ಹಾಕಿದ್ದರ ಅರ್ಧಾನೂ ಅಲ್ಲ.

ಹೋದ ಸಲ ಥೆರಪಿಸ್ಟ್ ಹುಡುಗಿ ಅವ 20 ಚಿತ್ರ ಮತ್ತ ಇಟ್ಲು. ಹದಿನಾರೋ ಹದಿನೇಳೋ ಹೇಳಿದ್ನಿ. ಹೊಂದ್ಕೊಳ್ರಿ ಅಂದಿದ್ದ ಡಾಕ್ಟರ ಮುಂದ ಕುಂತು ನನ್ನ ಗುಳಿಗಿ ಹೆಸರು ನಾನ ಹೇಳಿದ್ನಿ, ಅವರು ಪೆನ್ ಇಟ್ಟು ನನ್ನ ಮಾರಿ ನೋಡಿದ್ರು. ಮಗಾ ಈಗ ನನ್ನ ನೋಟಬುಕ್ಕಿನ ಫೋಟೋ ತಗದು ಮಂದಿಗೆ ಕಳಸ್ತಾನ. 27ರಾಗ 19 ಮಂದೀನ ಕಂಡೇನಿ, ಅವರಾಗ ಎಂಟು ಮಂದಿ ಕೂಡ ಬರೋದು ಹೋಗೋದು ಹತ್ತೈತಿ. ಫೋನ್ ಕಟ್ ಮಾಡಿದ್ದ ಹಾವೇರಿಯಾಂವ ಏಲಕ್ಕಿ ಹಾರ ತಗೊಂಡು ಮನಿಗೆ ಬಂದಿದ್ದ, ಬಾಗಲದಾಗ ನಿಂತು "ನಾ ಅಂವ ಓಟಿಪಿ" ಅಂದ, ಒಳಗ ಬಂದು ಕಾಲಿಗೆ ಬೀಳಾಕ ಹೋದ, ನಾ ಹಿಡದ್ನಿ, ಬಲಗೈಲೆ.

ಮುಂಡರಗಿ ಲೈನು ಬಾಕಿ ಐತಿ. ಗದಗದಾಗ ಗಾಡಿ ಬದಲಿ ಮಾಡಿ ಡಂಬಳದ ಮ್ಯಾಲ ಹೋಗಬೇಕು. ಅಲ್ಲಿಯಾಂವ ಕೂಡ 1996ರಾಗ ಲೆಕ್ಕದ ರೊಕ್ಕ ಕಡಿಮಿ ಬಂದು ಜಗಳಾ ಆಗಿತ್ತು, ನಾ ಅವನ ಮ್ಯಾಲ ಹಾಕಿದ್ನಿ, ವಾರದ ಮ್ಯಾಲ ಆ ರೊಕ್ಕಾ ನನ್ನ ಚೀಲದ ಅಸ್ತರದಾಗನ ಸಿಕ್ತು. ನಾ ಹೇಳಲಿಲ್ಲ. ಇಷ್ಟು ವರ್ಷ ಹೇಳಲಿಲ್ಲ. ಹೆಣ್ತಿ ಫೋನ್ ಮಾಡ್ಯಾಳ, ಬರ್ರಿ ಅಂದಾನಂತ, ಟಿವಿ ಬಂದ್ ಇಡ್ತೇನಿ ಅಂದಾನಂತ. "ತಪ್ಪಾತು" ಅನ್ನೋದರಾಗ ಆ ಒತ್ತಕ್ಷರ ನನಗ ಇನ್ನೂ ಕಷ್ಟ, ತುಟಿ ಬಲಗಡೆ ಕೂಡೂದಿಲ್ಲ, ಗಾಳಿ ಹೋಗ್ತೈತಿ. ಹದಿನೈದು ದಿನದಿಂದ ಡಂಬಳದ ಹಿಂದ ಅದನ್ನ ಜೋಡಿಸಿ ಹೇಳಾಕತ್ತೇನಿ. ಗದಗ, ಡಂಬಳ, ಮುಂಡರಗಿ, ಅವನ ಹೆಸರು, ತಪ್ಪಾತು. ನಿನ್ನೆ ಹತ್ತಕ್ಕ ಆರು ಸಲ ಬಂದೈತಿ. ಗುರುವಾರಕ್ಕ ಇನ್ನೂ ಮೂರು ದಿನ ಅದಾವ.